ಒಂದು ಕಿವಿಯ ಗಂಡ

ನಕ್ಷೆರಾಯರು ಆ ಬೋರ್ಡನ್ನು ಊರಿನ ನಕ್ಷೆಯಿಂದ ಅಳಿಸಿಹಾಕಿದ್ದು ಬರೀ ಹೊಟ್ಟೆಕಿಚ್ಚಿಗೆ. ಬೇರೆ ಕಾರಣ ಹುಡುಕುವುದು ಬೇಡ, ಅವರೇ ಹುಡುಕಿ ಸೋತಿದ್ದರು.

ನಕ್ಷೆರಾಯರು ಎಂದರೆ ನಗರಸಭೆಯ ನಕ್ಷೆ ವಿಭಾಗದ ಗುಮಾಸ್ತರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವಾಗಲೂ ಬಳಕೆಗೆ ಬರುತ್ತಿರಲಿಲ್ಲ. ಊರಿನ ನಕ್ಷೆಯನ್ನೆಲ್ಲ ಸಾರ್ವಜನಿಕರಿಗೆ ಬಿಟ್ಟುಕೊಡಬೇಕು, ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ಬಳಸಲಿ ಎಂದು ಮೇಲಿನಿಂದ ಆಜ್ಞೆ ಬಂದಾಗ ಆ ಕೆಲಸ ಅವರ ಕೊರಳಿಗೇ ಬಿತ್ತು. ಕಂಪ್ಯೂಟರಿನ ಒಂದು ಕಡತದಲ್ಲಿ ಕಟ್ಟಡಗಳ ಆಕಾರ, ಬೀದಿಯಲ್ಲಿದ್ದಂತೆಯೇ ಒಂದರ ಕೆಳಗೊಂದು. ಇನ್ನೊಂದು ಕಡತದಲ್ಲಿ ಅದೇ ಕ್ರಮದಲ್ಲಿ ಅವುಗಳ ಹೆಸರು. ಎರಡನ್ನೂ ಪಕ್ಕಪಕ್ಕ ಜೋಡಿಸಿ ಏರಿಸಿದರೆ ಮುಗಿಯಿತು. ಹಾಗೆ ಜೋಡಿಸಲು ಕೂತಾಗ ಮಾರುಕಟ್ಟೆ ಬೀದಿಯ ಬಾಯಲ್ಲೇ ಒಂದು ಹೆಸರು ಅವರ ಕಣ್ಣಿಗೆ ಚುಚ್ಚಿತು: 'ಸ್ಟುಡಿಯೋ ಜಾಹೀರಾತು ಫಲಕ'.

"ಬೋರ್ಡಿಗೂ ನಕ್ಷೇಲಿ ಜಾಗ ಬೇಕಾ ಇವನಿಗೆ?" ಎಂದು ಹಲ್ಲು ಕಡಿದು ಆ ಹೆಸರನ್ನು ಅಳಿಸಿದರು. ಎದೆಗೆ ತಂಪಾಯಿತು.

'ಇವನು' ಎಂದರೆ ಆ ಸ್ಟುಡಿಯೋದ ಫೋಟೋಗ್ರಾಫರ್. ಇಪ್ಪತ್ತೈದು ವರ್ಷದ ಹಿಂದೆ ರಾಯರ ಮದುವೆಯ ಫೋಟೋ ತೆಗೆದವನು. ಆಲ್ಬಮ್ ತೆರೆದರೆ ಪುಟಪುಟದಲ್ಲೂ ಮದುಮಗಳು. ನಗುವ ಮದುಮಗಳು, ನಾಚುವ ಮದುಮಗಳು, ಕಿಟಕಿಯ ಬೆಳಕಿನಲ್ಲಿ ನಿಂತ ಮದುಮಗಳು. ಮದುಮಗ ಎಲ್ಲಿ ಅಂದರೆ ಅಂಚಿನಲ್ಲಿ ಒಂದು ಕಿವಿ. ಕೆಲವು ಕಡೆ ಉದಾರವಾಗಿ ಅರ್ಧ ಭುಜ. "ನಿಮ್ಮ ಯಜಮಾನ್ರು ಎಲ್ಲಿ?" ಎಂದು ಬಂದವರು ಕೇಳಿದರೆ ಹೆಂಡತಿ ಆ ಕಿವಿಯ ಮೇಲೆ ಬೆರಳಿಟ್ಟು ನಗುತ್ತಿದ್ದಳು. ರಾಯರಿಗೆ ನಗು ಬರುತ್ತಿರಲಿಲ್ಲ. ಆ ಮನುಷ್ಯ ಕ್ಯಾಮೆರಾ ಹಿಡಿದದ್ದು ಮದುವೆಯ ಕಡೆಗಲ್ಲ, ತಮ್ಮ ಹೆಂಡತಿಯ ಕಡೆಗೆ ಎಂದು ಅಂದೇ ತೀರ್ಮಾನಿಸಿದ್ದರು. ಅಂದಿನಿಂದ ಅಸೂಯೆ ಎನ್ನುವುದು ಬಾಡಿಗೆ ಕೊಡದ ಒಕ್ಕಲಿನಂತೆ ಅವರ ಹೊಟ್ಟೆಯಲ್ಲಿ ಝಂಡಾ ಊರಿತ್ತು.

ನಕ್ಷೆ ಹೊರಬಿದ್ದದ್ದೇ ತಡ, ಕಾಲೇಜಿನ ಕೆಲವು ಹುಡುಗಿಯರು ಅದನ್ನು ಬಳಸಿ ಒಂದು ಆ್ಯಪ್ ಮಾಡಿದರು. ನಾವೆಲ್ಲಿದ್ದೇವೆ, ನಮ್ಮ ಮನೆಯವರು ಎಲ್ಲಿದ್ದಾರೆ ಎನ್ನುವುದನ್ನು ಅದು ಕಟ್ಟಡದ ಹೆಸರು ಸಮೇತ ಹೇಳುತ್ತಿತ್ತು. "ಒಳಗಿರೋದು ನಂದೇ ನಕ್ಷೆ ಕಣೇ!" ಎಂದು ಬೀಗುತ್ತ ರಾಯರು ಅದನ್ನು ಹೆಂಡತಿಯ ಫೋನಿಗೂ ತಮ್ಮ ಫೋನಿಗೂ ಹಾಕಿದರು. ಹಾಕಿದ ಮೇಲೆ ಎದೆ ಝಲ್ಲೆಂದಿತು.

ಅವರಿಗೊಂದು ಗುಟ್ಟಿತ್ತು. ಡಾಕ್ಟರು ಸಕ್ಕರೆ ಬಿಡಿಸಿ ಆರು ತಿಂಗಳಾಗಿತ್ತು. ಸಿಹಿ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು. ಆದರೆ ಆಫೀಸು ಬಿಟ್ಟೊಡನೆ ಗ್ರಂಥಾಲಯಕ್ಕೆ ಓದಲು ಹೋಗುತ್ತೇನೆಂದು ಹೇಳಿ, ಗ್ರಂಥಾಲಯದ ಪಕ್ಕದ ಬೇಕರಿಯಲ್ಲಿ ಕೂತು ಕ್ರೀಮ್ ಬನ್ನು ತಿನ್ನುತ್ತಿದ್ದರು. ಆ್ಯಪ್ ಹಾಕಿಕೊಂಡ ದಿನ ಬನ್ನು ಬಾಯಿಗಿಡುವ ಮುಂಚೆ ಫೋನು ನೋಡಿದರು. 'ನೀವು ಗ್ರಂಥಾಲಯದಲ್ಲಿದ್ದೀರಿ' ಎಂದಿತ್ತು. ಮೇಲಿರುವ ಉಪಗ್ರಹವೂ ಗಂಡಸೇ ಇರಬೇಕು ಎಂದುಕೊಂಡು ಇನ್ನೊಂದು ಬನ್ನು ತರಿಸಿದರು. ಆ ರಾತ್ರಿ ಹೆಂಡತಿ ಫೋನಿನಲ್ಲಿ ತನ್ನಕ್ಕನಿಗೆ, "ನಮ್ಮೋರು ದಿನಾ ಒಂದು ಗಂಟೆ ಓದ್ತಾರೆ ಅಕ್ಕಾ, ನಾನೇ ಕಣ್ಣಾರೆ ನೋಡ್ದೆ," ಎನ್ನುವುದು ಕೇಳಿ ಸಮಾಧಾನವಾಗಿ ಮಲಗಿದರು.

ಹೀಗೆ ವಾರ ಕಳೆಯಿತು. ಒಂದು ಬೆಳಿಗ್ಗೆ ಹೆಂಡತಿ ಟೀ ಕೊಡುತ್ತ ಕೇಳಿದಳು:

"ರೀ, ಇವತ್ತು ಏನು ದಿನ ಹೇಳಿ ನೋಡೋಣ?"

"ಬುಧವಾರ."

"ಅಷ್ಟೇನಾ?"

"ಇನ್ನೇನು, ಬುಧವಾರ ಅಂದ್ರೆ ಬುಧವಾರಾನೇ."

ಅವಳು ಮುಸಿಮುಸಿ ನಕ್ಕಳು. "ಸರಿ ಬಿಡಿ. ಮಧ್ಯಾಹ್ನ ನಾನು ಟೈಲರ್ ಹತ್ರ ಹೋಗಿ ಬರ್ತೀನಿ."

ಟೈಲರ್ ಹತ್ತಿರ ಹೋಗುವುದರಲ್ಲಿ ನಗುವಂಥದ್ದು ಏನಿದೆ? ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಆ ನಗು ರಾಯರ ತಲೆಯೊಳಗೆ ಗುಂಯ್‌ಗುಟ್ಟಿತು.

ಆಫೀಸಿನಲ್ಲಿ ಅವರ ಮೇಜಿನ ಮುಂದೆ ಆಗಲೇ ಒಬ್ಬ ಮುದುಕರು ಕಾದಿದ್ದರು. "ನೋಡಿ, ನಿಮ್ಮ ನಕ್ಷೆ ನಂಬ್ಕೊಂಡು ಹಲ್ಲಿನ ಡಾಕ್ಟರ್ ಹತ್ರ ಅಂತ ಹೋದ್ರೆ ಅಲ್ಲಿ ಇದ್ದೋನು ಬೀಗ ರಿಪೇರಿಯವನು. ಬಾಯಿ ತೆರೀತಾ ಇದ್ದೆ, ಅಷ್ಟರಲ್ಲಿ ಗೊತ್ತಾಯ್ತು!"

"ನಕ್ಷೆ ಸರಿಯಾಗಿದೆ ಸ್ವಾಮಿ. ಜನಕ್ಕೆ ಓದೋಕೆ ಬರಲ್ಲ," ಎಂದು ರಾಯರು ಅವರನ್ನು ಸಾಗಹಾಕಿದರು. ವಾರದಿಂದ ಬಂದವರಿಗೆಲ್ಲ ಹೇಳಿದ ಉತ್ತರ ಅದೇ. ಪಕ್ಕದ ಮೇಜಿನವನು ಕಿವಿ ನಿಮಿರಿಸಿ ಕೇಳಿಸಿಕೊಂಡ. ಅವನನ್ನು ಆಫೀಸಿನಲ್ಲಿ ಎಲ್ಲರೂ ಕರೆಯುವುದು ಡಂಗುರ ಎಂದು. ಗುಟ್ಟೊಂದು ಅವನ ಕಿವಿಗೆ ಬಿದ್ದರೆ ಅದಕ್ಕೆ ಕಾಲು ಬರುತ್ತಿತ್ತು.

ಮಧ್ಯಾಹ್ನ ರಾಯರು ಮೇಜಿನ ಕೆಳಗೆ ಕಳ್ಳನಂತೆ ಫೋನು ತೆರೆದರು. 'ನಿಮ್ಮ ಪತ್ನಿ ಸ್ಟುಡಿಯೋದಲ್ಲಿದ್ದಾರೆ.' ಕಣ್ಣುಜ್ಜಿ ನೋಡಿದರು. ಸ್ಟುಡಿಯೋದಲ್ಲೇ ಇದ್ದಾರೆ. ಹೊತ್ತು ಕಳೆದು ನೋಡಿದರು. ಇನ್ನೂ ಇದ್ದಾರೆ!

"ಏನು ರಾಯ್ರೇ, ಮುಖ ಸುಣ್ಣ ಬಳಿದಂಗಾಯ್ತಲ್ಲ?" ಡಂಗುರನ ಗಲ್ಲ ಆಗಲೇ ಅವರ ಭುಜದ ಮೇಲಿತ್ತು. "ಅಯ್ಯೋ, ಅತ್ತಿಗೆಯವರು ಸ್ಟುಡಿಯೋದಲ್ಲಿ? ಏನಿಲ್ಲ ಬಿಡಿ, ಫೋಟೋ ತೆಗೆಸ್ಕೊಳ್ತಿರ್ತಾರೆ. ಆದ್ರೆ ಒಂದು ಫೋಟೋಗೆ ಇಷ್ಟು ಹೊತ್ತು ಬೇಕಾ ಅಂತ..."

"ಟೈಲರ್ ಹತ್ರ ಹೋಗ್ತೀನಿ ಅಂದಿದ್ಲು ಕಣಯ್ಯಾ," ಎಂದು ರಾಯರು ತೊದಲಿದರು.

"ಹಾಗಾದ್ರೆ ಬರೀ ಫೋಟೋ ಅಲ್ಲ," ಎಂದ ಡಂಗುರ, ಸಂತೋಷ ಮುಚ್ಚಿಡಲಾರದೆ.

ರಾಯರು ಕುರ್ಚಿ ಒದ್ದು ಎದ್ದರು. ಇಪ್ಪತ್ತೈದು ವರ್ಷ ಹೊಟ್ಟೆಯಲ್ಲಿದ್ದದ್ದು ಈಗ ಉರಿಯಾಗಿ ಗಂಟಲಿಗೇ ಬಂದಿತ್ತು. ಅವರ ಹಿಂದೆ ಡಂಗುರ, ಡಂಗುರನ ಹಿಂದೆ ಅಷ್ಟರಲ್ಲೇ ಸುದ್ದಿ ಮುಟ್ಟಿದ ಕಂದಾಯ ವಿಭಾಗದ ಇಬ್ಬರು ಮತ್ತು ಕಚ್ಚಿದ ಸೇಬು ಕೈಯಲ್ಲೇ ಇದ್ದ ಟೈಪಿಸ್ಟು. ಮಾರುಕಟ್ಟೆ ಬೀದಿಗೆ ತಿರುಗುವಾಗ ಅದು ಒಂದು ಸಣ್ಣ ಮೆರವಣಿಗೆಯೇ ಆಗಿತ್ತು. ರಾಯರ ಕಣ್ಣೆಲ್ಲ ಫೋನಿನ ಮೇಲೆ. ಜಾಹೀರಾತು ಫಲಕ ದಾಟಿದ್ದು, ಟೈಲರ್ ಅಂಗಡಿ ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಸ್ಟುಡಿಯೋ ಬಾಗಿಲಲ್ಲಿ ಒಂದು ನೀಲಿ ಕೊಡೆ ಒರಗಿತ್ತು. ಹೆಂಡತಿಯದೂ ನೀಲಿ ಕೊಡೆಯೇ.

"ಇದೇನಾ ಅತ್ತಿಗೆ ಕೊಡೆ?" ಎಂದು ಡಂಗುರ ಪಿಸುಗುಟ್ಟಿದ. ಅವನ ಪಿಸುಮಾತು ಎದುರಿನ ಅಂಗಡಿಯವರಿಗೂ ಕೇಳಿಸಿತು.

ಒಳಗೆ ಕಪ್ಪು ಪರದೆ. ಪರದೆಯ ಹಿಂದಿನಿಂದ ಫೋಟೋಗ್ರಾಫರನ ಬೆಣ್ಣೆಯಂಥ ದನಿ: "ಹಾಂ, ಹಾಗೇ... ಗಲ್ಲ ಸ್ವಲ್ಪ ಮೇಲೆ... ತುಂಬಾ ಚೆನ್ನಾಗಿದೆ..."

ಇಷ್ಟು ಕೇಳಿದ ಮೇಲೆ ಯಾವ ಗಂಡ ತಡೆದಾನು? "ನಂಗೆ ಗೊತ್ತಿತ್ತು ಕಣೋ! ಇಪ್ಪತ್ತೈದು ವರ್ಷದಿಂದ ಗೊತ್ತಿತ್ತು!" ಎಂದು ಅಬ್ಬರಿಸಿ ರಾಯರು ಪರದೆ ಸರಕ್ಕನೆ ಎಳೆದರು. ಪರದೆ ಕೋಲು ಸಮೇತ ಕೈಗೆ ಬಂತು. ಅದೇ ಕ್ಷಣಕ್ಕೆ ಫ್ಲಾಶ್ ಹೊಡೆಯಿತು.

ಸ್ಟೂಲಿನ ಮೇಲೆ ಕೂತಿದ್ದವರು ನಗರಸಭೆಯ ಮೇಲಧಿಕಾರಿ ಮೇಡಂ. ಪಾಸ್‌ಪೋರ್ಟ್ ಫೋಟೋಗೆಂದು ಬಂದವರು ಬಾಯಿ ತೆರೆದು, ಕಣ್ಣು ಹೊರಬಂದ ಭಂಗಿಯಲ್ಲಿ ಶಾಶ್ವತವಾಗಿ ಅಚ್ಚಾದರು.

"ಏನ್ರೀ ಇದು?"

ರಾಯರ ತಲೆಯ ಮೇಲೆ ಪರದೆ ಬಿದ್ದಿತ್ತು. ಒಳಗಿನಿಂದಲೇ ಫೋನು ಮುಂದೆ ಚಾಚಿದರು. "ಮೇಡಂ... ನನ್ನ ಹೆಂಡತಿ ಇಲ್ಲಿದ್ದಾಳೆ ಅಂತ... ಇದು ಹೇಳ್ತಿದೆ..."

ಮೇಡಂ ಫೋನು ನೋಡಿದರು, ಖಾಲಿ ಕೋಣೆ ನೋಡಿದರು. ಆಮೇಲೆ ತಮ್ಮ ಫೋನು ತೆಗೆದು ಅದೇ ಆ್ಯಪ್ ಒತ್ತಿದರು. ಹುಬ್ಬು ಮೇಲೇರಿತು.

"ನನಗೆ ಇದು 'ನೀವು ಕ್ಷೌರದಂಗಡಿಯಲ್ಲಿದ್ದೀರಿ' ಅಂತಿದೆ. ನಾನು ಕ್ಷೌರ ಮಾಡಿಸ್ಕೊಳ್ತಿರೋ ಹಾಗೆ ಕಾಣ್ತೀನಾ?"

"ಇಲ್ಲ ಮೇಡಂ."

"ಕ್ಷೌರದಂಗಡಿ ಪಕ್ಕದಲ್ಲಿದೆ. ಅಂದ್ರೆ ಎಲ್ಲಾ ಹೆಸರೂ ಒಂದೊಂದು ಮನೆ ಜಾರಿದೆ. ವಾರದಿಂದ ಜನ ಬಾಯಿ ಬಡ್ಕೊಳ್ತಿರೋದು ಇದಕ್ಕೇ! ಈ ನಕ್ಷೆ ಏರಿಸಿದ್ದು ಯಾರು?"

ಡಂಗುರನಿಗೆ ಉತ್ತರ ಗೊತ್ತಿತ್ತು, ಎಲ್ಲರಿಗಿಂತ ಮೊದಲು ಹೇಳಿದ. ಪರದೆಯೊಳಗೇ ರಾಯರಿಗೆ ಎಲ್ಲ ಹೊಳೆಯಿತು. ಫಲಕದ ಹೆಸರು ಅಳಿಸಿದ್ದರು, ಆಕಾರ ಉಳಿಸಿದ್ದರು. ಅಲ್ಲಿಂದಾಚೆಗಿನ ಕಟ್ಟಡಗಳೆಲ್ಲ ಮುಂದಿನದರ ಹೆಸರು ಹೊತ್ತು ನಿಂತಿದ್ದವು. ಹಾಗಾದರೆ ಈ ಆ್ಯಪ್ ಸ್ಟುಡಿಯೋ ಎಂದದ್ದು...

ಪರದೆ ಕಿತ್ತೆಸೆದು ಪಕ್ಕದ ಟೈಲರ್ ಅಂಗಡಿಗೆ ಓಡಿದರು. ಹೆಂಡತಿ ಅಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಗಂಡನನ್ನು ಕಂಡವಳೇ ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು.

"ನೀವೇನ್ರೀ ಇಲ್ಲಿ, ಆಫೀಸ್ ಹೊತ್ತಲ್ಲಿ?"

"ನಕ್ಷೆ ತಪಾಸಣೆ," ಎಂದರು ರಾಯರು. ಕಣ್ಣಲ್ಲಿ ನೀರಾಡಿತು. ತಮ್ಮ ಹೆಂಡತಿ ಟೈಲರ್ ಹತ್ತಿರ ಹೋಗುತ್ತೇನೆಂದು ಹೇಳಿ ಟೈಲರ್ ಹತ್ತಿರವೇ ಕೂತಿದ್ದಾಳೆ. ಇಂಥ ಹೆಂಡತಿ ಎಷ್ಟು ಜನಕ್ಕಿದ್ದಾಳು! ಆ ಹಿಗ್ಗಿನಲ್ಲಿ ಅವಳು ಏನು ಮುಚ್ಚಿಟ್ಟಳೆಂದು ಕೇಳುವುದೇ ಮರೆಯಿತು.

"ಸಂಜೆಯೊಳಗೆ ಸರಿಯಾಗಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಹಳೇ ಕಡತಗಳ ಗೋಡೌನಿಗೆ," ಎಂದಿದ್ದರು ಮೇಡಂ. ರಾಯರು ಆಫೀಸಿಗೆ ಮರಳಿ ಕೂತು, ತಮ್ಮದೇ ಬೆರಳಿನಿಂದ, ಒಂದೊಂದೇ ಅಕ್ಷರ ಒತ್ತಿ 'ಸ್ಟುಡಿಯೋ ಜಾಹೀರಾತು ಫಲಕ' ಎಂದು ಮತ್ತೆ ಬರೆದರು. ಜಾರಿದ ಹೆಸರುಗಳೆಲ್ಲ ತಮ್ಮ ತಮ್ಮ ಮನೆ ಸೇರಿದವು. ನಕ್ಷೆ ಮತ್ತೆ ಏರಿತು, ಆ್ಯಪ್ಪಿಗೂ ಹೊಸದು ಇಳಿಯಿತು. ಕೆಲಸ ಉಳಿಯಿತು, ಸಂಸಾರ ಉಳಿಯಿತು. ಇಂಥ ದಿನಕ್ಕೆ ಒಂದು ಬನ್ನು ಸಾಲದು ಎನ್ನಿಸಿ, ಬೇಕರಿಯಲ್ಲಿ ಎರಡು ತರಿಸಿದರು.

ಎರಡನೆಯದು ಅರ್ಧವಾಗಿತ್ತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಓದಿದ್ದು ಮುಗೀತಾ?"

ರಾಯರ ಮೂಗಿನ ತುದಿಯಲ್ಲಿ ಕ್ರೀಮಿತ್ತು. "ಇಲ್ಲ ಕಣೇ, ಇದೀಗ ಲೈಬ್ರರಿಯಿಂದ..."

ಅವಳು ಫೋನು ಅವರ ಮುಖಕ್ಕೆ ಹಿಡಿದಳು. 'ನಿಮ್ಮ ಪತಿ ಬೇಕರಿಯಲ್ಲಿದ್ದಾರೆ.'

"ನಿನ್ನೆವರೆಗೂ ಈ ಹೊತ್ತಿಗೆ ಗ್ರಂಥಾಲಯ ಅಂತಿತ್ತು. ಇವತ್ತು ಬೇಕರಿ ಅಂತಿದೆ. ಯಾಕ್ರೀ?"

ರಾಯರ ಬಾಯೊಳಗಿನ ಬನ್ನು ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. "ಅದು... ಇವತ್ತು ಸರಿಮಾಡ್ದೆ," ಎಂದರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಂಕುಳಲ್ಲಿದ್ದ ಗಂಟು ಬಿಚ್ಚಿ ಒಂದು ಹೊಸ ಕೋಟು ಮೇಜಿನ ಮೇಲಿಟ್ಟಳು.

"ಇವತ್ತಿಗೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಆ ಆಲ್ಬಮ್ ನೋಡಿ ನೋಡಿ ಒಳಗೊಳಗೇ ಕೊರಗ್ತೀರಲ್ಲ, ಪೂರ್ತಿ ಗಂಡನ ಫೋಟೋ ಒಂದಾದ್ರೂ ಇರ್ಲಿ ಅಂತ ಹೊಲಿಸ್ದೆ. ಆರು ತಿಂಗಳಿಂದ ಸಿಹಿ ಮುಟ್ಟಿಲ್ಲ, ಇಳಿದಿರ್ತಾರೆ ಅಂತ ಅಳತೆಗೆ ಎರಡಿಂಚು ಕಮ್ಮಿ ಕೊಟ್ಟೆ. ಏಳಿ, ಸ್ಟುಡಿಯೋದವರು ಕಾಯ್ತಿದಾರೆ."

ರಾಯರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾಚಿಕೆಯಿಂದ ತಲೆಯೆತ್ತದೆ ಅವಳ ಹಿಂದೆ ನಡೆದರು.

ಸ್ಟುಡಿಯೋದಲ್ಲಿ ಪರದೆಯನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಲಾಗಿತ್ತು. ಕೋಟಿನ ಒಂದು ತೋಳು ಏರಿತು. ಇನ್ನೊಂದು ಮೊಣಕೈವರೆಗೆ ಬಂದು ನಿಂತಿತು. ಹೆಂಡತಿ ಮುಂದಿನಿಂದ ಎಳೆದಳು, ಫೋಟೋಗ್ರಾಫರ್ ಹಿಂದಿನಿಂದ ದೂಡಿದ. ಬೆನ್ನಿನ ಹೊಲಿಗೆ ಪರ್‌ರೆಂದು ಬಿಟ್ಟಿತು. ಒಳಗಿನ ಅಂಗಿಯ ಎದೆಯ ಮೇಲೆ ಕ್ರೀಮು ಧಾರಾಳವಾಗಿ ಬಿದ್ದಿತ್ತು.

ಫೋಟೋಗ್ರಾಫರ್ ಕ್ಯಾಮೆರಾದಿಂದ ಕಣ್ಣು ತೆಗೆದು ನಿಟ್ಟುಸಿರಿಟ್ಟ. "ಬೇಜಾರು ಮಾಡ್ಕೋಬೇಡಿ ಸಾರ್. ಮದುವೆ ದಿನವೂ ಇದೇ ಕತೆ. ನಾನು ಯಾವಾಗ ಕ್ಯಾಮೆರಾ ಎತ್ತಿದ್ರೂ ನಿಮ್ಮ ಬಾಯಿ ತುಂಬಾ ಸಿಹಿ. ಕೆನ್ನೆಗೆ, ಮೂಗಿಗೆ, ಕಾಲರಿಗೆಲ್ಲ ಮೆತ್ಕೊಂಡಿತ್ತು. ಹುಡುಕಿ ಹುಡುಕಿ, ಚೊಕ್ಕಟವಾಗಿ ಸಿಕ್ಕಿದ್ದು ಒಂದು ಕಿವಿ. ನಿಮ್ಮ ಮರ್ಯಾದೆ ಉಳಿಸೋಣ ಅಂತ ಅಷ್ಟೇ ತೆಗ್ದೆ."

ಇಪ್ಪತ್ತೈದು ವರ್ಷ ಸಾಕಿದ ಅಸೂಯೆ ನಿಂತಲ್ಲೇ ಮುಗ್ಗರಿಸಿತು. ರಾಯರು ಏನೋ ಹೇಳಹೋದರು, ಹಲ್ಲಿನ ಸಂದಿಯಲ್ಲಿ ಇನ್ನೂ ಬನ್ನಿತ್ತು.

"ಈಗೇನು ಮಾಡ್ಲಿ ಮೇಡಂ?" ಎಂದು ಫೋಟೋಗ್ರಾಫರ್ ಹೆಂಡತಿಯನ್ನು ಕೇಳಿದ.

ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಕರವಸ್ತ್ರದಿಂದ ಅವರ ಕಿವಿಯೊಂದನ್ನು ಚೆನ್ನಾಗಿ ಒರೆಸಿದಳು. ಆಮೇಲೆ ತೋಳು ಹಿಡಿದು ಅವರನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದಳು, ಇನ್ನೂ ಒಂದು ಹೆಜ್ಜೆ ಸರಿಸಿದಳು.

"ಈಗ ತೆಗೀರಿ," ಎಂದಳು. "ಕಿವಿ ಮಾತ್ರ ಬರ್ಲಿ."