ಇರುವೆ ಅಂಕಣ ಗೆದ್ದ ದಿನ

ನಗರದ ಪ್ರಾಣಿಪಕ್ಷಿಗಳ ಬಗ್ಗೆ ಬರೆಯುವ ಆ ಬ್ಲಾಗಿನ ಸಂಪಾದಕಿ ಬೆಳಗಾಗುತ್ತಲೇ ಫೋನ್ ಮಾಡಿ ಬಾಂಬ್ ಹಾಕಿದರು. ಗೂಬೆ, ಬಾವಲಿ, ಇರುವೆ ಎಂಬ ಮೂರು ಅಂಕಣಗಳಲ್ಲಿ ಇನ್ನು ಮುಂದೆ ಒಂದೇ ಉಳಿಯುತ್ತದಂತೆ. ಜನ ಸಂಜೆಯೊಳಗೆ ಯಾವುದನ್ನು ಹೆಚ್ಚು ಓದುತ್ತಾರೋ ಅದು.

ಇರುವೆ ಅಂಕಣ ಬರೆಯುತ್ತಿದ್ದವನು ಭೂತಗನ್ನಡಿ. ಸದಾ ಕೈಯಲ್ಲೊಂದು ಭೂತಗನ್ನಡಿ ಹಿಡಿದು ತಿರುಗುತ್ತಿದ್ದರಿಂದ ವಠಾರದವರು ಅವನನ್ನು ಕರೆಯುತ್ತಿದ್ದುದೇ ಹಾಗೆ. ಅವನ ಅಡುಗೆಮನೆ ಗೋಡೆಯ ಬಿರುಕಿನಲ್ಲಿ ಇರುವೆಗಳದ್ದೊಂದು ದೊಡ್ಡ ಸಂಸಾರವಿತ್ತು. ಸತ್ತವರನ್ನೆಲ್ಲ ಅವು ಹೊತ್ತುಕೊಂಡು ಹೋಗಿ ಕಿಟಕಿಯ ಮೂಲೆಯಲ್ಲೇ ಏಕೆ ರಾಶಿ ಹಾಕುತ್ತವೆ, ದಾರಿಗೆ ಒಂದು ಹನಿ ನೀರು ಅಡ್ಡ ಬಂದರೆ ಸುತ್ತುದಾರಿ ಹುಡುಕಲು ಮೊದಲು ಹೊರಡುವವರು ಯಾರು ಎಂದು ನೋಡುತ್ತ ಕೂತರೆ ಅವನಿಗೆ ಊಟ, ನಿದ್ದೆ ಯಾವುದೂ ಬೇಡ. ಬರೆದದ್ದನ್ನು ಓದುವವರು ಮಾತ್ರ ಮೂವರು: ಅವನು, ಅವನ ಭಾವಮೈದುನ ಮತ್ತು ಆಫೀಸಿನ ಕಂಪ್ಯೂಟರಿನಿಂದ ಪುನಃ ಅವನು.

ಓದಿ ಎಂದು ವಠಾರದವರನ್ನು ಕೇಳಿದರೆ ಗಂಟೇನು ಹೋಗುತ್ತದೆ ಎಂದಳು ಹೆಂಡತಿ. ಅವನು ಮನೆಮನೆಗೆ ಹೋಗಿ ಬಾಗಿಲು ತಟ್ಟಿದ. ಕೆಳಗಿನ ಮನೆಯ ದರ್ಜಿ ತನಗೆ ಕನ್ನಡಕ ಸಿಗುತ್ತಿಲ್ಲವೆಂದು ಇಡೀ ಲೇಖನವನ್ನು ಅವನಿಂದಲೇ ಓದಿಸಿಕೊಂಡ; ಆಮೇಲೆ ತನ್ನ ಗಿರಾಕಿಗಳಿಗೆಲ್ಲ ಕಳಿಸಿದ. ಪಕ್ಕದ ಮನೆಯ ಅಜ್ಜಿ ಎರಡೆರಡು ಸಲ ಓದಿ, ಫೋನು ಕೆಳಗಿಟ್ಟು ಕೇಳಿದರು.

"ಈ ಗೋಡೆ ಯಾರ ಮನೇದಪ್ಪಾ?"

"ನಮ್ಮ ಅಡುಗೆಮನೇದೇ ಅಜ್ಜಿ."

"ಅದರ ಆಚೆ ನಮ್ಮ ಸ್ಟೋರ್‌ರೂಮ್ ಅಲ್ವಾ?"

ಇಷ್ಟು ಕುತೂಹಲದ ಓದುಗರು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಉಬ್ಬಿಹೋಗಿ ಹೇಳಿದ, "ಹೌದು ಅಜ್ಜಿ. ರಾಣಿ ಇರೋದು ನಿಮ್ಮ ಕಡೇನೇ. ಜೊತೆಗೆ ಸಾವಿರಾರು ಮರಿಗಳು."

ಅಲ್ಲಿಗೆ ಕೆಟ್ಟಿತು ಕೆಲಸ. ಅಜ್ಜಿ ಸಕ್ಕರೆ ಡಬ್ಬಿಗಳನ್ನೆಲ್ಲ ಅಂಗಳಕ್ಕೆ ಸಾಗಿಸಿದರು. ಅವರನ್ನು ನೋಡಿ ಉಳಿದವರೂ ತಂತಮ್ಮ ಗೋಡೆ ತಟ್ಟಿ ನೋಡತೊಡಗಿದರು. ಎಲ್ಲರ ಮನೆಯಲ್ಲೂ ಇರುವೆ ಸಿಕ್ಕಿತು, ಹುಡುಕಿದರೆ ಯಾರ ಮನೆಯಲ್ಲಿ ಸಿಗುವುದಿಲ್ಲ? ಎಲ್ಲರೂ ಫೋಟೋ ತೆಗೆದು ಲೇಖನದ ಕೆಳಗೆ ಹಾಕಿದರು, ನೆಂಟರಿಷ್ಟರಿಗೂ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಓದುಗರ ಸಂಖ್ಯೆ ಉಕ್ಕುವ ಹಾಲಿನಂತೆ ಏರುತ್ತಿತ್ತು.

ಅದನ್ನು ನೋಡಿ ಸಂತೋಷಪಡಲು ಅವನಿಗೆ ಪುರುಸೊತ್ತಿರಲಿಲ್ಲ. ದರ್ಜಿ ಇರುವೆ ಕೊಲ್ಲುವ ಸ್ಪ್ರೇ ತಂದು ಅಡುಗೆಮನೆಯಲ್ಲಿ ನಿಂತಿದ್ದ, ಹಿಂದೆ ಅಜ್ಜಿ. ಭೂತಗನ್ನಡಿ ಬಿರುಕಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿದ. ಇರುವೆಗಳು ಅಂಗಿಯೊಳಗೆ ನುಗ್ಗಿ ಕಚ್ಚಿದರೂ ಕದಲಲಿಲ್ಲ.

"ಸಂಜೆ ತನಕ ಬಿಟ್ಬಿಡಿ. ಇವುಗಳನ್ನ ಬಿಟ್ರೆ ನನಗೆ ಬರಿಯೋಕೆ ಬೇರೇನೂ ಗೊತ್ತಿಲ್ಲ" ಎಂದ. ಅವನ ದನಿ ಕೇಳಿ ಅಜ್ಜಿಗೂ ಅಯ್ಯೋ ಅನಿಸಿತು. ಸಂಜೆಯವರೆಗೆ ಕಾಯಲು ಒಪ್ಪಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ಸಂಜೆ ಸಂಪಾದಕಿಯ ಫೋನ್ ಬಂತು. ಗೂಬೆ, ಬಾವಲಿ ಎರಡು ಸೇರಿದರೂ ಇರುವೆಯ ಹತ್ತಿರಕ್ಕೆ ಬರಲಿಲ್ಲವಂತೆ. ಇನ್ನು ವಾರವಾರವೂ ಇರುವೆಯೇ. ಭೂತಗನ್ನಡಿಗೆ ಕಣ್ಣಲ್ಲಿ ನೀರು ಬಂತು. ಓದುಗರಿಗೆ ಏನು ಇಷ್ಟವಾಯಿತು, ರಾಣಿಯ ವಿಷಯವೇ, ನೀರಿನ ಹನಿಯದ್ದೇ ಎಂದು ಕೇಳಿದ.

"ಅದನ್ನ ಯಾರೂ ಕೇಳಿಲ್ಲ" ಎಂದರು ಸಂಪಾದಕಿ. "ಎಲ್ಲರೂ ಕೇಳ್ತಿರೋದು ಒಂದೇ, ಇರುವೆ ಓಡಿಸೋದು ಹೇಗೆ ಅಂತ. ನಾಳೆಯಿಂದ ಅದನ್ನೇ ಬರೀರಿ. ಔಷಧಿಗಳನ್ನೆಲ್ಲ ಮೊದಲು ನಿಮ್ಮ ಮನೇಲೇ ಹೊಡೆದು ನೋಡಿ, ಫೋಟೋ ಸಮೇತ ಕಳಿಸಿ."

ಅವನು ಫೋನ್ ಕೆಳಗಿಟ್ಟ. ದರ್ಜಿ ಸ್ಪ್ರೇ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಮೊದಲು ಚೆನ್ನಾಗಿ ಕುಲುಕಬೇಕು ಎಂದು ಹೇಳಿಕೊಟ್ಟ.