ಚಿಕ್ಕಮ್ಮನ ಬಹುವಚನ

ನಮ್ಮ ಚಿಕ್ಕಮ್ಮ ಬಹುವಚನ ಕೊಡುವುದು ಆನೆಗೆ ಮಾತ್ರ! ಮನುಷ್ಯರೆಲ್ಲ ಆಕೆಯ ಬಾಯಲ್ಲಿ ಏಕವಚನ. ಪಂಚಾಯತಿ ಅಧ್ಯಕ್ಷರಾದರೂ ಅಷ್ಟೆ, ಪೂಜೆಗೆ ಬಂದ ಭಟ್ಟರಾದರೂ ಅಷ್ಟೆ. ಕೇರಳದ ಗಡಿಗೆ ಅಂಟಿಕೊಂಡ ನಮ್ಮ ಬಾವಲಿ ಊರಿನಲ್ಲಿ ಕಾಡು ಹಿತ್ತಿಲಿಗೇ ತಾಗಿಕೊಂಡಿರುವುದರಿಂದ ಆಕೆಯ ಮರ್ಯಾದೆಗೆ ಪಾತ್ರರಾಗುವವರಿಗೇನೂ ಕೊರತೆಯಿಲ್ಲ. ಒಮ್ಮೆ ಮೈಸೂರಿನಿಂದ ಬಂದ ನೆಂಟರೊಬ್ಬರ ಎದುರು, "ನೆನ್ನೆ ಅವ್ರು ಬಂದಿದ್ರು. ಬಾಳೆ ಎಲ್ಲಾ ತಿಂದು, ಬೇಲಿ ಮುರ್ದು ಹೋಗವ್ರೆ" ಎಂದಳು. ನೆಂಟರು ಸಂಕೋಚದಿಂದ ಕೇಳಿದರು: "ಯಾರು, ಬೀಗರಾ?"

ಇಂಥ ಚಿಕ್ಕಮ್ಮ ಕರಿಮೆಣಸು ಆರಿಸುವ ಶೆಡ್ಡಿನ ಮೇಲ್ವಿಚಾರಕಿ. ಅಲ್ಲಿ ಹಾಜರಿ ಪುಸ್ತಕ ಬರೆಯುವವನು ನಾನು. ಹೋದ ವರ್ಷ ಕಂಪನಿಯಿಂದ ಒಂದು ಆದೇಶ ಬಂತು: ಕೆಲಸದ ಜಾಗದಲ್ಲಿ ಎಲ್ಲರನ್ನೂ ಗೌರವದಿಂದ ಮಾತನಾಡಿಸಬೇಕು; ಇದುವರೆಗೆ ಯಾರ ಕಡೆ ಯಾರೂ ನೋಡಿಲ್ಲವೋ ಅಂಥವರ ಪಟ್ಟಿ ಮಾಡಿ, ಅವರವರಿಗೆ ಏನು ಅನುಕೂಲ ಬೇಕೆಂದು ಬರೆಯಬೇಕು. ಮಲಯಾಳದ ಆ ಕಾಗದವನ್ನು ನಾನು ಓದುತ್ತಾ ಹೋದೆ. ಹೆಂಗಸರು, ಆದಿವಾಸಿಗಳು, ವಯಸ್ಸಾದವರು, ಅಂಗವೈಕಲ್ಯ ಇರುವವರು, ಬೇರೆ ಭಾಷೆಯವರು... ಚಿಕ್ಕಮ್ಮ ಬೆರಳು ಮಡಚುತ್ತಾ ಹೋದಳು.

"ಇನ್ಯಾರ್ಲಾ ಉಳುದ್ರು? ಮ್ಯಾನೇಜರ್ ಒಬ್ನೇ! ಪಾಪ, ಅವನ್ನೂ ಸೇರ್ಸು, ಒಂಟಿ ಆಗೋಯ್ತನೆ."

ಕೊನೆಗೆ ಕಂಪನಿಯ ಮೇಡಂ ತಪಾಸಣೆಗೆ ಬಂದರು. ಚಿಕ್ಕಮ್ಮ ಬಾಗಿಲಲ್ಲೇ ಕೈಮುಗಿದು, ಮಲಯಾಳ ಕನ್ನಡ ಎರಡನ್ನೂ ಬೆರೆಸಿ ಸ್ವಾಗತಿಸಿದಳು: "ಮೇಡಂ, ನಿಂಗಳುಂ ಪಟ್ಟಿ!"

ಹೆಂಗಸಾದ್ದರಿಂದ ನೀವೂ ನಮ್ಮ ಪಟ್ಟಿಯಲ್ಲಿದ್ದೀರಿ ಎಂಬುದು ಅವಳ ಮಾತಿನ ಅರ್ಥ. ಆದರೆ ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ಹುಟ್ಟಿದಾಗಿನಿಂದ ಎರಡೂ ಭಾಷೆ ಆಡಿದವಳು ಮರ್ಯಾದೆ ಕೊಡುವ ಗಾಬರಿಯಲ್ಲಿ ಎಡವಿದ್ದಳು. ಅದೂ ಎಲ್ಲಿ? ಮರ್ಯಾದೆಯ ಮಾತಿನ ತಪಾಸಣೆಯಲ್ಲಿ! ನಾನು ನಡುವೆ ಬಿದ್ದು ಎರಡು ಭಾಷೆಯ ವ್ಯತ್ಯಾಸ ವಿವರಿಸಿದೆ. ಪುಣ್ಯಕ್ಕೆ ಮೇಡಂ ನಕ್ಕರು.

ನಗುತ್ತಲೇ ಹಾಜರಿ ಪುಸ್ತಕ ತೆರೆದವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ನಗು ನಿಂತಿತು.

"ಪೊಟ್ಟಿ. ಇದೊಂದು ಹೆಸರಾ?"

ನಮ್ಮಲ್ಲಿ ಕಿವಿ ಕೇಳದ ಒಬ್ಬ ಹೆಂಗಸಿದ್ದಳು. ಊರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಕಿವುಡಿ, ದಡ್ಡಿ ಎರಡಕ್ಕೂ ಮಲಯಾಳದಲ್ಲಿ ಅದೊಂದೇ ಬೈಗುಳ. ಚಾಯದ ಗಂಟೆ ಕೇಳಿಸದೆ, ಎಲ್ಲರೂ ಎದ್ದು ಹೋದ ಮೇಲೂ ತಲೆ ತಗ್ಗಿಸಿ ಮೆಣಸು ಆರಿಸುತ್ತಿರುವಳು. ಗಂಟೆಯ ಜೊತೆಗೆ ಒಂದು ದೀಪ ಹೊತ್ತಿಕೊಂಡರೆ ಸಾಕು, ಕಂಪನಿಯೇ ಹಾಕಿಸಿಕೊಡುತ್ತದೆ ಎಂದರು ಮೇಡಂ. ಆದರೆ ಬೈಗುಳಕ್ಕೆ ದೀಪ ಮಂಜೂರಾಗುವುದಿಲ್ಲ, ನಿಜವಾದ ಹೆಸರು ಬೇಕು. ಚಿಕ್ಕಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಪುಸ್ತಕದಲ್ಲಿ ಹಾಗೆ ಬರೆದ ಕೈ ನನ್ನದೇ. ನನಗೆ ನಾಚಿಕೆಯಾಯಿತು.

"ಹತ್ವರ್ಸದಿಂದ ನನ್ ಪಕ್ದಲ್ಲೇ ಕೂತವ್ಳೆ. ಒಂದಿನಾನೂ ಹೆಸ್ರು ಕೇಳ್ನಿಲ್ವಲ್ಲ ನಾನು" ಎಂದಳು ಚಿಕ್ಕಮ್ಮ. ಸ್ವರ ಇಳಿದಿತ್ತು. ಆ ಹೆಂಗಸಿನ ಹತ್ತಿರ ಹೋಗಿ ಕೈಸನ್ನೆಯಲ್ಲಿ ಹೆಸರು ಕೇಳಿದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಯಾರೂ ಕೇಳಿದ್ದಿಲ್ಲವಲ್ಲ! ಆಮೇಲೆ ಚೀಲದಿಂದ ರೇಷನ್ ಕಾರ್ಡು ತೆಗೆದು ತೋರಿಸಿದಳು. ಕಮಲ.

ಮರುದಿನ ದೀಪ ಇನ್ನೂ ಬಂದಿರಲಿಲ್ಲ. ಚಾಯದ ಗಂಟೆ ಹೊಡೆದಾಗ ಚಿಕ್ಕಮ್ಮ ಕಮಲಮ್ಮನವರ ಎದುರು ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: "ಕಮಲಮ್ನೋರೇ, ಚಾಯ ಕುಡ್ಯಕ್ಕೆ ಬನ್ನಿ."

ಸುಮ್ಮನಿರಲಾರದ ನನ್ನ ಬಾಯಿ ಛೇಡಿಸಿತು: "ಕೇಳಿಸ್ದೆ ಇರೋರ್ಗೆ ಬಹುವಚನ ಕೊಟ್ರೇನು, ಬಿಟ್ರೇನು ಚಿಕ್ಕಮ್ಮ?"

ಚಿಕ್ಕಮ್ಮ ನಗಲಿಲ್ಲ.

"ಅವ್ರಿಗೆ ಕೇಳ್ದಿದ್ರೆ ಏನ್ಲಾ? ನಂಗೆ ಕೇಳ್ತದಲ್ಲ."