ಮಾಮು ನಿಲ್ಲಿಸಿದ ಕುರಿ ಸ್ಟ್ಯಾಂಡು

ನಮ್ಮ ಮಾಮು ಮಾಡಿಕೊಟ್ಟ ಯಾವ ಸಾಮಾನೂ ಇವತ್ತಿನವರೆಗೆ ಮುರಿದಿಲ್ಲ. ನಮ್ಮ ಖಾನ್‌ದಾನಿಗೆ ಬಂದಿರೋ ದೊಡ್ಡ ಕಷ್ಟವೇ ಇದು! ಮುರಿದರೆ ತಾನೇ ಎಸೆಯೋದು? ಎಸೆದರೆ ತಾನೇ ಹೊಸದು ತರೋದು?

ಮಾಮು ಅಂದರೆ ನಮ್ಮ ಅಮ್ಮಿಯ ತಮ್ಮ. ಹರಿಹರದಲ್ಲಿ ಮನೆ. ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕ್ರೇನುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ರಿಟೈರ್ ಆದವರು. ರಿಟೈರ್ ಆದದ್ದು ಫ್ಯಾಕ್ಟರಿಗೆ ಮಾತ್ರ ಗೊತ್ತು, ಮಾಮುಗೆ ಇನ್ನೂ ಯಾರೂ ಹೇಳಿದಂತಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಷೀನ್ ಇಟ್ಟುಕೊಂಡು ಈಗಲೂ ಕಿಡಿ ಹಾರಿಸುತ್ತಲೇ ಇದ್ದಾರೆ. ಕ್ರೇನಿನವರದ್ದೊಂದು ಕಾನೂನಂತೆ: ಎಷ್ಟು ಭಾರ ಹೊರಬೇಕೋ ಅದರ ಎರಡು ಪಟ್ಟು ಹೊರುವ ಹಾಗೆ ಮಾಡಬೇಕು. ಒಳ್ಳೆಯ ಕಾನೂನೇ. ಆದರೆ ಅದನ್ನು ತೊಟ್ಟಿಲಿಗೂ ಹಾಕಿದರೆ?

ಹಾಕಿದರು! ನಾನು ಹುಟ್ಟಿದಾಗ ಪ್ರೀತಿಯಿಂದ ಒಂದು ತೊಟ್ಟಿಲು ಮಾಡಿ ತಂದರು. ಪೂರಾ ಕಬ್ಬಿಣ. ಅದನ್ನು ತೂಗಬೇಕಾದರೆ ನಮ್ಮ ಅಬ್ಬಾ ಗೋಡೆಗೆ ಕಾಲು ಕೊಟ್ಟು ತಳ್ಳಬೇಕಿತ್ತಂತೆ. ಒಮ್ಮೆ ತೂಗಿದರೆ ನಿಲ್ಲಿಸೋಕೆ ಇನ್ನೊಬ್ಬರು ಬೇಕು. ಮಗು ಮಲಗುತ್ತಿತ್ತೋ ಇಲ್ಲವೋ, ತೂಗಿದವರಂತೂ ಸುಸ್ತಾಗಿ ಮಲಗಿಬಿಡುತ್ತಿದ್ದರು.

ತಮ್ಮ ಹೆಂಡತಿ, ಅಂದರೆ ನಮ್ಮ ಮುಮಾನಿಗೆ, ಅಟ್ಟದ ಡಬ್ಬಿ ಇಳಿಸೋಕೆ ಅಂತ ಅಡುಗೆಮನೆಗೆ ಒಂದು ಸ್ಟೂಲು ಮಾಡಿಕೊಟ್ಟರು. ಇಟ್ಟ ಜಾಗದಿಂದ ಅದು ಇವತ್ತಿಗೂ ಅಲುಗಿಲ್ಲ. ಕೊನೆಗೆ ಮುಮಾನಿ ಸ್ಟೂಲು ಎಲ್ಲಿತ್ತೋ ಅಲ್ಲಿಗೇ ಶೆಲ್ಫು ಹೊಡೆಸಿಕೊಂಡರು. "ಮದುವಿ ಆದಾಗ ಇವ್ರು ನನಗ ಬೆಳ್ಳಿ ಕಾಲ್ಗೆಜ್ಜೆ ಮಾಡಿಸ್ತೀನಿ ಅಂದಿದ್ರು. ಪುಣ್ಯ, ಅಂಗಡ್ಯಾಗ ತಂದ್ರು. ಇವ್ರೇ ಮಾಡಿದ್ರೆ ನಾನು ಇವತ್ತಿಗೂ ಮಂಟಪದಾಗೇ ಕುಂತಿರ್ತಿದ್ದೆ!" ಅಂತಾರೆ ಮುಮಾನಿ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಪ್ರೀತಿಯೆಲ್ಲ ಉರ್ದುವಿನಲ್ಲಿ, ಜಗಳವೆಲ್ಲ ಕನ್ನಡದಲ್ಲಿ. ಮುಂದೆ ಬರೋದು ಹೆಚ್ಚೂಕಮ್ಮಿ ಜಗಳವೇ ಆದ್ದರಿಂದ ನಾನು ತರ್ಜುಮೆ ಮಾಡೋ ಕಷ್ಟ ತಪ್ಪಿತು.

ಈ ಮಾಮುಗೆ ಇರೋದು ಒಬ್ಬಳೇ ಅಕ್ಕ, ನಮ್ಮ ಅಮ್ಮಿ. ಮಾಮು ಕೈಗೂಸಾಗಿದ್ದಾಗಲೇ ನಮ್ಮ ಅಜ್ಜಿ ತೀರಿಕೊಂಡಿದ್ದರಿಂದ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅಮ್ಮಿಯೇ. ಬಾಯಲ್ಲಿ 'ಆಪಾ' ಅಂತ ಕರೆದರೂ ಹಟ, ಮುನಿಸು ಎಲ್ಲ ತಾಯಿ ಹತ್ತಿರ ಮಾಡುವಂಥದ್ದೇ. ಅಮ್ಮಿ ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಇವರ ಬಕ್ರೀದ್ ಕೂಡ ದಾವಣಗೆರೆಗೇ ಬಂತು. ಆ ದಿನ ಹರಿಹರದ ಈದ್ಗಾದಲ್ಲಿ ನಮಾಜ್ ಮುಗಿಸಿ, ಒಂದು ಲೋಟ ಚಾ ಕೂಡ ಕುಡಿಯದೆ ಸೀದಾ ಬಸ್ ಹತ್ತೋದು. ನಮ್ಮ ಅಂಗಳದಲ್ಲಿ ಕುರ್ಬಾನಿ ಆಗಬೇಕು, ಅಮ್ಮಿ ಮೊದಲು ಕಲೇಜಿ, ಅಂದರೆ ಕುರಿಯ ಲಿವರ್, ಹುರಿಯಬೇಕು, ಆ ಬಿಸಿ ಬಿಸಿ ಕಲೇಜಿಯ ಮೊದಲ ತುಂಡು ಮಾಮು ಬಾಯಿಗೆ ಬೀಳಬೇಕು. ಆಮೇಲೇ ಅವರಿಗೆ ಹಬ್ಬ. ಅಲ್ಲಿವರೆಗೆ ಹಸಿದುಕೊಂಡು ಎಲ್ಲರ ಮೇಲೂ ರೇಗಾಡ್ತಿರ್ತಾರೆ.

ಇದಕ್ಕೆ ಸಂಚಕಾರ ಬಂದಿದ್ದು ಹೋದ ವರ್ಷ. ನಮ್ಮ ಅಂಗಳದಲ್ಲಿ ಒಂದು ಬೇವಿನ ಮರ. ಕುರಿಯನ್ನು ನೇತುಹಾಕಿ ಚರ್ಮ ಸುಲಿಯೋದು ಅದರ ಕೊಂಬೆಗೇ. ಯಾವ ಕೊಂಬೆಗೆ ಹಗ್ಗ ಕಟ್ಟಬೇಕು ಅಂತ ಪ್ರತಿ ವರ್ಷ ಅಬ್ಬಾ, ಮಾಮು ಬಾಯಲ್ಲಿ 'ದುಲ್ಹಾಭಾಯ್', ಜಗ್ಗಿ ಜಗ್ಗಿ ನೋಡಿ ಹೇಳುತ್ತಿದ್ದರು. ಹೋದ ಬಕ್ರೀದ್ ಹೊತ್ತಿಗೆ ಅಬ್ಬಾ ನಮ್ಮನ್ನು ಬಿಟ್ಟು ಹೋಗಿದ್ದರು. ನಾವು ಕೈಗೆ ಸಿಕ್ಕ ಕೊಂಬೆಗೆ ಕಟ್ಟಿದೆವು. ಕಸಾಯಿ ಭಾಯ್ ಚೂರಿ ಮಸೆದು ಇನ್ನೇನು ಸುಲಿಯೋಕೆ ಕೈ ಹಚ್ಚಬೇಕು, ಲಟಲಟ ಅಂತ ಕೊಂಬೆ ಮುರಿದು ಕುರಿ ಅವರ ಮೇಲೇ ಬಿತ್ತು. ಕಸಾಯಿ ಕೆಳಗೆ, ಕುರಿ ಮೇಲೆ! ಸತ್ತ ಮೇಲೂ ಸೇಡು ತೀರಿಸಿಕೊಂಡ ಕುರಿಯನ್ನು ನಾನು ನೋಡಿದ್ದು ಅದೊಂದೇ. ಕಸಾಯಿ ಭಾಯ್‌ಗೆ ಏನೂ ಆಗಲಿಲ್ಲ, ಎದ್ದು ಮೈ ಕೊಡವಿಕೊಂಡು ಅವರೇ ನಕ್ಕರು. ನಾವೂ ನಕ್ಕೆವು.

ಅಮ್ಮಿ ಮಾತ್ರ ನಗಲಿಲ್ಲ. ಮುರಿದ ಕೊಂಬೆ ನೋಡುತ್ತಾ ನಿಂತಳು. "ಸಾಕು. ಇನ್ಮ್ಯಾಲೆ ಈ ಮನ್ಯಾಗ ಕುರ್ಬಾನಿ ಬ್ಯಾಡ. ಮದರಸದಾಗ ಪಾಲಿಗೆ ದುಡ್ಡು ಕಟ್ಟಿದ್ರಾತು, ಅವ್ರೇ ಮಾಡಿ ಹಂಚ್ತಾರೆ. ನಿಮ್ಮ ಅಬ್ಬಾನೇ ಇಲ್ಲ ಅಂದ್ಮ್ಯಾಲೆ ಇಷ್ಟೆಲ್ಲ ಯಾರಿಗೋಸ್ಕರ?" ಅಂದುಬಿಟ್ಟಳು.

ಆ ದಿನ ಮಾಮು ಕಲೇಜಿ ತಿಂದರು, ಆದರೆ ಇನ್ನೊಂದು ತುತ್ತು ಕೇಳಲಿಲ್ಲ. ಅವರು ಎರಡನೇ ಸಲ ಕೇಳದೇ ಇದ್ದದ್ದು ನಾನು ಕಂಡಂತೆ ಅದೇ ಮೊದಲು.

ಈ ವರ್ಷ ಹಬ್ಬ ಇನ್ನೂ ದೂರ ಇರುವಾಗಲೇ ಮಾಮು ಹಾಜರ್. "ಆಪಾ, ತಪ್ಪು ಕೊಂಬೀದು. ಅದಕ್ಕ ಹಬ್ಬಾನ ಯಾಕ ಬಿಡ್ತಿ? ನಾನೊಂದು ಸ್ಟ್ಯಾಂಡ್ ಮಾಡ್ತೀನಿ. ಭೂಮಿ ನಡುಗಿದ್ರೂ ಬೀಳಾಂಗಿಲ್ಲ."

"ನಿನ್ನ ಸ್ಟ್ಯಾಂಡ್ ನನಗೆ ಗೊತ್ತಿಲ್ಲೇನು? ಒಂದ್ ಸಲ ಒಳಗ ಬಂದ್ರೆ ಹೊರಗ ಹೋಗಲ್ಲ ಅದು."

"ಇದು ನಟ್ಟು ಬೋಲ್ಟಿಂದು, ಆಪಾ! ಹಬ್ಬ ಮುಗಿದ ಮರುದಿನ ಬಿಚ್ಚಿ ತಗೊಂಡು ಹೋಗ್ತೀನಿ. ಅಲ್ಲಾನ ಮ್ಯಾಲೆ ಆಣೆ..."

"ಆಣೆ ಹಾಕಬ್ಯಾಡ. ಇದೊಂದೇ ವರ್ಷ ನೋಡು. ಇದೇ ಕಡೇದು. ಮುಂದಿನ ವರ್ಷ ಮದರಸ."

"ಆಯ್ತು" ಅಂದರು ಮಾಮು. ಅಷ್ಟು ಸುಲಭವಾಗಿ ಒಪ್ಪಿಕೊಂಡಾಗಲೇ ನಮಗೆ ಅನುಮಾನ ಬರಬೇಕಿತ್ತು!

ಸ್ಟ್ಯಾಂಡಿಗೆ ಅಳತೆ ಬೇಕಲ್ಲ? ಮಾಮು ಕುರಿ ಸಂತೆಗೆ ಹೊರಟರು. ಜೊತೆಗೆ ನಾನು. ಕುರಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಬೆನ್ನು ಹಿಚುಕಿ ನೋಡುತ್ತಾರೆ. ನಮ್ಮ ಮಾಮು ಜೇಬಿನಿಂದ ಟೇಪು ತೆಗೆದರು. ಮೂಗಿನಿಂದ ಹಿಂಗಾಲಿನ ಗೊರಸಿನವರೆಗೆ ಉದ್ದ, ಹೊಟ್ಟೆ ಸುತ್ತಳತೆ, ಕಾಲಿನ ದಪ್ಪ! ಒಂದಾದ ಮೇಲೊಂದು ಕುರಿ ಅಳೆಯುತ್ತಾ ಹೋದರು, ಕೊಳ್ಳೋ ಮಾತೇ ಇಲ್ಲ. ಒಬ್ಬ ಕುರಿಯವನು ಬಹಳ ಹೊತ್ತು ಸುಮ್ಮನೆ ನೋಡಿ, "ಸಾಹೇಬ್ರ, ನಿಜ ಹೇಳ್ರಿ, ಹಬ್ಬಕ್ಕ ಇದಕ್ಕ ಪ್ಯಾಂಟ್ ಹೊಲಿಸ್ತೀರೇನ್ರಿ?" ಅಂದ.

ಮಾಮು ತಲೆ ಎತ್ತದೆ, "ಸುಮ್ನ ಹಿಡ್ಕೊಳಪ್ಪ, ಅಲುಗಾಡ್ತೈತೆ. ಅಳತಿ ತಪ್ತೈತೆ" ಅಂದರು.

ಹಬ್ಬಕ್ಕೆ ಮುಂಚಿನ ವಾರ ಸ್ಟ್ಯಾಂಡು ಗೂಡ್ಸ್ ಆಟೋದಲ್ಲಿ ಬಂತು, ಜೊತೆಗೆ ಮಾಮುವಿನ ವೆಲ್ಡಿಂಗ್ ಮಷೀನೂ. ಎರಡು ಕಡೆ ಎರಡೆರಡು ಕಾಲು, ಮೇಲೆ ತೊಡೆ ಗಾತ್ರದ ಅಡ್ಡ ಪೈಪು, ಅದರ ನಡುವೆ ಚೈನ್ ಪುಲ್ಲಿ, ಚೈನಿನ ತುದಿಗೆ ಒಂದು ಕೊಕ್ಕೆ. ಕೊಕ್ಕೆ ಅಂದರೆ ಹಡಗಿನ ಲಂಗರು ಅಂದುಕೊಳ್ಳಿ! ಅಂಗಳದಲ್ಲಿ ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಅದರ ಮೇಲೆ ಬೋಲ್ಟಿನಿಂದ ನಿಲ್ಲಿಸಿದರು. ನಮ್ಮ ಓಣಿಯಲ್ಲಿ ಅಷ್ಟೆತ್ತರದ ಕಬ್ಬಿಣ ಯಾರು ಕಂಡಿದ್ದರು? ಎದುರು ಮನೆ ಗೌರಕ್ಕ ಓಡಿ ಬಂದು, "ಬೋರ್ ಹೊಡೆಸ್ತೀರೇನ್ರಿ? ನೀರು ಬಿದ್ರೆ ನಮ್ ಕಡೀಗೂ ಒಂದು ಪೈಪ್ ಬಿಡ್ರಿ, ನಿಮಗ ಪುಣ್ಯ ಬರ್ತೈತೆ" ಅಂದರು. ಕುರಿಗೆ ಅಂತ ಹೇಳಿದರೆ ನಂಬಲಿಲ್ಲ. ನೀರು ಕೊಡೋಕೆ ಮನಸ್ಸಿಲ್ಲದೆ ಸುಳ್ಳು ಹೇಳ್ತಿದ್ದಾರೆ ಅಂದುಕೊಂಡು ಎರಡು ದಿನ ಮಾತು ಬಿಟ್ಟರು.

ನಿಲ್ಲಿಸಿದರೆ ಮುಗೀತೆ? ಟೆಸ್ಟಿಂಗ್ ಆಗಬೇಕಲ್ಲ! ಎರಡು ಪಟ್ಟು ಭಾರ ಹಾಕಬೇಕು ಅಂತ ಕಾನೂನು. ಆದರೆ ಸ್ವಂತ ಅಕ್ಕನ ಮನೆ ಕೆಲಸ ಅಂತ ಮಾಮು ನಾಲ್ಕು ಪಟ್ಟು ಅಂದರು. ಅಷ್ಟು ಭಾರ ಎಲ್ಲಿ ಸಿಗಬೇಕು? ಸುತ್ತಲೂ ನೋಡಿದ ಅವರ ಕಣ್ಣು ಮುಮಾನಿಯ ಮೇಲೆ ನಿಂತಿತು. ಆಮೇಲೆ ನನ್ನ ಮೇಲೆ.

"ಬೇಟಿ, ನಿನ್ನ ತೂಕ ಎಷ್ಟು?"

ನಾನು ಸ್ವಲ್ಪ ಕಡಿಮೆ ಹೇಳಿದೆ. ಯಾವ ಹೆಂಗಸು ಹೇಳಲ್ಲ?

"ಅಷ್ಟು ಸಾಲಂಗಿಲ್ಲ" ಅಂತ ಮಾಮು ತಲೆ ಕೆರೆದುಕೊಂಡಾಗ ಮುಮಾನಿ, "ಸಾಕಾಗ್ತೈತೆ, ಆಕಿ ಸುಳ್ ಹೇಳ್ತಾಳೆ" ಅಂದುಬಿಟ್ಟರು!

ಕೊಕ್ಕೆಗೆ ಹಗ್ಗ ಹಾಕಿ ಒಂದು ಹಲಗೆ ತೂಗುಬಿಟ್ಟು ನಮ್ಮಿಬ್ಬರನ್ನು ಅದರ ಮೇಲೆ ಕೂರಿಸಿದರು. ಮಾಮು ಚೈನ್ ಎಳೆದರು. ಕರಕರ ಅಂತ ನಾವಿಬ್ಬರೂ ಮೇಲೆ ಹೋದೆವು. ಕಾಂಪೌಂಡ್ ಗೋಡೆ ಕೆಳಗಿಳಿಯಿತು. ಓಣಿ ಪೂರ್ತಿ ಕಾಣಿಸಿತು. ಹೇಳಬಾರದು, ಗಾಳಿ ಚೆನ್ನಾಗಿತ್ತು. "ಅರ್ಧ ಗಂಟೆ ನೋಡ್ಬೇಕು, ಬಾಗ್ತೈತೋ ಇಲ್ಲೋ" ಅಂತ ಹೇಳಿ ಮಾಮು ಚಾ ಕುಡಿಯೋಕೆ ಹೋದರು.

ಅದೇ ಹೊತ್ತಿಗೆ ಎಂ.ಸಿ.ಸಿ. ಬಡಾವಣೆಯಲ್ಲಿ ನಾನು ಪಾಠ ಮಾಡುವ ಶಾಲೆಯ ಹುಡುಗಿಯೊಬ್ಬಳ ತಂದೆ ಸ್ಕೂಟರಿನಲ್ಲಿ ಬರಬೇಕೆ? ಗೋಡೆಯ ಮೇಲಿಂದ ತಮ್ಮ ಮಗಳ ಕನ್ನಡ ಟೀಚರು ಗಾಳಿಯಲ್ಲಿ ತೇಲುತ್ತಿರೋದು ಕಂಡು ಪಾಪ ಬ್ರೇಕ್ ಹಾಕಿದರು.

"ನಮಸ್ಕಾರ ಮೇಡಂ... ಏನ್ರಿ ಮ್ಯಾಲಿದೀರಿ?"

"ಟೆಸ್ಟಿಂಗ್ ರೀ" ಅಂದೆ. ಬೇರೆ ಏನು ಹೇಳೋದು ಹೇಳಿ?

ಅವರು ಮತ್ತೇನೂ ಕೇಳದೆ ಹೊರಟುಹೋದರು. ಒಳಗಿನಿಂದ ಈ ತಮಾಷೆಯನ್ನೆಲ್ಲ ಕಿಟಕಿಯಲ್ಲಿ ನೋಡುತ್ತಿದ್ದ ಅಮ್ಮಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಬ್ಬಾ ಹೋದ ಮೇಲೆ ಅಮ್ಮಿ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಇಳಿಸಿ ಅಂತ ಕೂಗಬೇಕು ಅಂತಿದ್ದವಳು ಸುಮ್ಮನಾದೆ.

ಬಕ್ರೀದ್ ಬಂತು. ಕಸಾಯಿ ಭಾಯ್ ಗೇಟಿನಲ್ಲೇ ನಿಂತು ಸ್ಟ್ಯಾಂಡನ್ನು ಕೆಳಗಿಂದ ಮೇಲೆ ನೋಡಿದರು. "ಕುರಿ ಒಂದೇ ಅಂದಿದ್ರಿ. ಒಂಟೆ ಏನಾರ ತಂದೀರೇನ್ರಿ?" ಅಂದರು. ಆದರೆ ಕೆಲಸ ಶುರುವಾದ ಮೇಲೆ ಅವರ ಮುಖ ನೋಡಬೇಕಿತ್ತು! ಬೇಕಾದಷ್ಟು ಏರಿಸೋದು, ಬೇಕಾದಷ್ಟು ಇಳಿಸೋದು. ಬಗ್ಗೋದಿಲ್ಲ, ಏಣಿ ಹತ್ತೋದಿಲ್ಲ, ನೆಲದ ಮಣ್ಣು ತಾಗೋದಿಲ್ಲ. ಬಡವರ ಪಾಲು, ನೆಂಟರ ಪಾಲು, ಮನೆ ಪಾಲು, ಮೂರೂ ಚೊಕ್ಕವಾಗಿ ಪರಾತಕ್ಕೆ ಬಿದ್ದವು. ಅಮ್ಮಿ ಕಲೇಜಿ ಹುರಿದಳು. ಮಾಮು ಮೊದಲ ತುಂಡು ತಿಂದು, ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಎಸ್.ಎಸ್. ಬಡಾವಣೆಯ ನೆಂಟರೂ ಬಂದರು, ಅಂಗಳ ತುಂಬಿತು. ಅಮ್ಮಿ ಎಲ್ಲರಿಗೂ ಬಡಿಸಿದಳು. ಆದರೆ ಮಧ್ಯೆ ಮಧ್ಯೆ, "ತಿನ್ರಿ, ತಿನ್ರಿ, ಈ ಮನ್ಯಾಗ ಇದೇ ಕಡೇದು" ಅನ್ನುತ್ತಲೇ ಇದ್ದಳು. ಅವಳು ಹಾಗಂದಾಗಲೆಲ್ಲ ಮಾಮು ಪಾತ್ರೆ ಎತ್ತಿಡೋಕೋ, ನೀರು ತರೋಕೋ ಎದ್ದು ಹೋಗುತ್ತಿದ್ದರು.

ಸಂಜೆ ಹೊರಡುವಾಗ, "ನಾಳಿ ಬಂದು ಬಿಚ್ತೀನಿ ಆಪಾ" ಅಂದರು.

ನಾಳೆ ಬರಲಿಲ್ಲ. ಫೋನ್ ಮಾಡಿದರೆ ಸ್ಪ್ಯಾನರ್ ಸಿಕ್ಕಿಲ್ಲ ಅಂದರು. ಆಮೇಲೆ ಮೊಣಕಾಲು ನೋವು ಅಂದರು. ಇನ್ನೊಂದು ದಿನ ಫೋನನ್ನು ಮುಮಾನಿ ಕೈಗೆ ಕೊಟ್ಟು, ತಾವು ಮನೆಯಲ್ಲಿಲ್ಲ ಅಂತ ಹೇಳಿಸಿದರು. ಪಕ್ಕದಲ್ಲೇ ಕೂತು ಹೇಳಿಕೊಡ್ತಿರೋದು ನಮಗೆ ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು!

ಅಮ್ಮಿಗೆ ರೇಗಿತು. ಗ್ಯಾರೇಜಿನಿಂದ ಒಂದು ಸ್ಪ್ಯಾನರ್ ತರಿಸಿ, "ನೀನೇ ಬಿಚ್ಚೇ" ಅಂತ ನನ್ನ ಕೈಗೆ ಕೊಟ್ಟಳು. ನಾನು ಕೂತು ತಿರುಗಿಸಿದೆ. ಅಲುಗಲಿಲ್ಲ. ನಿಂತು ಕಾಲಿನಿಂದ ಒತ್ತಿದೆ. ಊಹೂಂ. ಬಗ್ಗಿ ಮಣ್ಣು ಕೆದರಿ ನೋಡಿದರೆ ಏನು ಹೇಳಲಿ? ಒಂದೊಂದು ನಟ್ಟನ್ನೂ ಬೋಲ್ಟಿಗೆ ಸುತ್ತಲೂ ವೆಲ್ಡ್ ಮಾಡಿ, ಮೇಲೆ ಮಣ್ಣು ಮೆತ್ತಿಬಿಟ್ಟಿದ್ದಾರೆ!

"ಈಗಲೇ ಬಾ" ಅಂದಳು ಅಮ್ಮಿ ಫೋನಿನಲ್ಲಿ. ಆ ದನಿಗೆ ಮಾಮು ಬಂದೇ ಬಂದರು. ಗೇಟಿನ ಹತ್ತಿರವೇ ನಿಂತರು, ಒಳಗೆ ಬರಲಿಲ್ಲ.

"ನಟ್ಟು ಬೋಲ್ಟು ಅಂದಿದ್ದಿ?"

"ನಟ್ಟು ಬೋಲ್ಟೇ ಅದು, ಆಪಾ."

"ಬಿಚ್ಚೋಕೆ ಬರಾಂಗಿಲ್ಲ!"

ಮಾಮು ಕಾಲ್ಬೆರಳು ನೋಡಿಕೊಂಡರು. "ಬಿಚ್ಚೋಕೆ ಬರೋ ಹಂಗ ಮಾಡಿದ್ರೆ ನೀನು ಬಿಚ್ಚಿಸಿಬಿಡ್ತಿದ್ದಿ. ದುಲ್ಹಾಭಾಯ್ ಇಲ್ಲ ಅಂತ ನಿನ್ನ ಹಬ್ಬ ಮುಗೀತು ಅಂತಿ. ನನ್ನ ಹಬ್ಬ? ನನಗೆ ಬ್ಯಾರೆ ತಾಯಿ ಮನಿ ಎಲ್ಲೈತೆ? ಬಕ್ರೀದ್ ದಿನ ನಾನು ಎಲ್ಲಿಗೆ ಬರ್ಲಿ, ಹೇಳು?"

ಅಷ್ಟು ವರ್ಷ ನಾನು ನಗೆಯಾಡಿದ್ದ ಮನುಷ್ಯನ ಮೇಲೆ ಇಷ್ಟು ಪ್ರೀತಿ ಉಕ್ಕಿದ್ದು ನನಗೇ ಆಶ್ಚರ್ಯ. ಅಮ್ಮಿ ಮೆಲ್ಲಗೆ ನಡೆದು ಹೋಗಿ ಸ್ಟ್ಯಾಂಡಿನ ಒಂದು ಕಾಲಿನ ಮೇಲೆ ಕೈಯಿಟ್ಟಳು. ಕೆಳಗಿಂದ ಮೇಲೆ ಸವರಿ ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಬಣ್ಣ ಯಾಕ ಹೊಡ್ದಿಲ್ಲ ಇದಕ್ಕ?"

ಮಾಮು ತಲೆ ಎತ್ತಿದರು.

"ಮಳಿ ಶುರು ಆತು, ಕಣ್ಣಿಗೆ ಕಾಣ್ಸಲ್ಲೇನು ನಿನಗೆ? ಹಿಂಗೇ ಬಿಟ್ರೆ ಮುಂದಿನ ಬಕ್ರೀದ್ ಹೊತ್ತಿಗೆ ತುಕ್ಕು ಹಿಡೀತೈತೆ."

ಅರವತ್ತು ದಾಟಿದ ನಮ್ಮ ಮಾಮು ಗೇಟು ಹಿಡಿದುಕೊಂಡೇ ಅತ್ತುಬಿಟ್ಟರು. ಅಮ್ಮಿ ಹತ್ತಿರ ಹೋಗಿ, ಬೈಯುತ್ತಲೇ, ತನ್ನ ಸೆರಗಿನ ತುದಿಯಿಂದ ಅವರ ಮೂಗು ಒರೆಸಿದಳು.